ಕಪ್ಪು-ಬಿಳುಪು ಪ್ರಿಂಟ್ ಕೆಟ್ಟಾಗ: ತಪ್ಪು ಇಂಕಿನದೋ, ಪೇಪರಿನದೋ, ಕೋಟಿಂಗಿನದೋ?

ಬಣ್ಣದ ಫೋಟೋದಲ್ಲಿ ಹಸಿರು ಸ್ವಲ್ಪ ಜಾಸ್ತಿಯಾದರೆ ಯಾರೂ ಗಮನಿಸುವುದಿಲ್ಲ. ಗಿಡ ಇನ್ನಷ್ಟು ಹಸಿರಾಗಿ ಕಂಡೀತು, ಅಷ್ಟೇ. ಕಪ್ಪು-ಬಿಳುಪಿನಲ್ಲಿ ಹಾಗಲ್ಲ. ಅಜ್ಜನ ಹಳೇ ಫೋಟೋ ಸ್ಕ್ಯಾನ್ ಮಾಡಿ 12ಕ್ಕೆ 18 ಇಂಚಿಗೆ ದೊಡ್ಡದು ಮಾಡಿಕೊಟ್ಟಿರುತ್ತೀರಿ. ಅವರ ಕರಿ ಕೋಟು ಚೂರೇ ಚೂರು ಹಸಿರಿಗೆ ತಿರುಗಿದ್ದರೂ ಮನೆಯವರಿಗೆ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಬೂದುಬಣ್ಣದಲ್ಲಿ ಸೇರಿಕೊಂಡ ಬೇರೆ ಬಣ್ಣವನ್ನು ನಮ್ಮ ಕಣ್ಣು ಬಹಳ ಬೇಗ ಹಿಡಿಯುತ್ತದೆ.

ಆಗ ಹೆಚ್ಚಿನವರು ಮೊದಲು ಮಾಡುವುದು ಇಂಕ್ ಬದಲಾಯಿಸುವುದು. ಅದು ದುಬಾರಿ ದಾರಿ. ಎಷ್ಟೋ ಸಲ ಇಂಕ್ ಸರಿಯಾಗಿಯೇ ಇರುತ್ತದೆ, ಆದರೆ ಆ ಇಂಕಿಗೂ ಪೇಪರಿನ ಮೇಲಿರುವ ಕೋಟಿಂಗಿಗೂ (ಇಂಕನ್ನು ಹಿಡಿದಿಟ್ಟುಕೊಳ್ಳುವ ಲೇಪ) ಹೊಂದಾಣಿಕೆ ಇರುವುದಿಲ್ಲ. ಹಾಗಾಗಿ ಇಲ್ಲಿ ದೋಷವನ್ನು ಕಣ್ಣಿಗೆ ಕಾಣುವ ಲಕ್ಷಣದಿಂದ ಹಿಡಿದು ಹುಡುಕೋಣ.

ಮೊದಲು ಟೆಸ್ಟ್ ಪಟ್ಟಿ

ಗಿರಾಕಿಯ ಫೋಟೋ ಮೇಲೆ ಪ್ರಯೋಗ ಮಾಡಬೇಡಿ. ಒಂದು ಟೆಸ್ಟ್ ಫೈಲ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಬಿಳಿಯಿಂದ ಕಪ್ಪಿನವರೆಗೆ ಶೇ 5ರಷ್ಟು ಏರುತ್ತಾ ಹೋಗುವ 21 ಚೌಕಗಳಿರಲಿ. ಅದರ ಕೆಳಗೆ ಕಡುಕಪ್ಪಿನ ಒಂದು ಸಾಲು (0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ): 0, 4, 8, 12, 16, 20, 24. ಬಿಳಿಯ ಕಡೆಗೂ ಅಂಥದೇ ಒಂದು ಸಾಲು: 255, 252, 249, 246, 243. ಪಕ್ಕದಲ್ಲಿ ಒಂದು ಮುಖ, ಕೂದಲು ಮತ್ತು ಕಪ್ಪು ಬಟ್ಟೆ ಎರಡೂ ಇರುವಂಥದು. ಎಲ್ಲ ಚೌಕಗಳಲ್ಲೂ ಕೆಂಪು, ಹಸಿರು, ನೀಲಿ ಮೂರರ ಅಂಕಿ ಒಂದೇ ಇರಬೇಕು.

ಪ್ರಿಂಟ್ ಹಾಕಿದ ಮೇಲೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ: ಯಾವ ಪೇಪರು, ಡ್ರೈವರಿನಲ್ಲಿ (ಪ್ರಿಂಟ್ ಕೊಡುವಾಗ ಕಂಪ್ಯೂಟರಿನಲ್ಲಿ ತೆರೆಯುವ ಪ್ರಿಂಟರಿನ ಸೆಟ್ಟಿಂಗು) ಯಾವ ಪೇಪರ್ ಟೈಪ್, ಯಾವ ಇಂಕ್, ಯಾವ ದಿನ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ. ಪೇಪರು, ಇಂಕು, ಸೆಟ್ಟಿಂಗು ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ದೋಷ ಹೋದರೂ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಅದೇ ಕಥೆ.

10 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್ (ಪುಟ್ಟ ಭೂತಗನ್ನಡಿ) ಕೂಡ ಕೈಯಲ್ಲಿರಲಿ. ತುಂಬಾ ಉಪಯೋಗಕ್ಕೆ ಬರುತ್ತದೆ.

ಬೂದು ಬೂದಾಗಿಲ್ಲ: ಹಸಿರು, ನೇರಳೆ, ಕಂದು

ಮೊದಲು ಪ್ರಿಂಟ್ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗಿ. ನೇರ ಬಿಸಿಲು ಬೇಡ, ಹಗಲಿನ ಸಾಧಾರಣ ಬೆಳಕು ಸಾಕು. ಅಲ್ಲಿ ಬೂದು ಸರಿಯಾಗಿದ್ದು, ಒಳಗೆ ಎಲ್‌ಇಡಿ ಟ್ಯೂಬಿನ ಕೆಳಗೆ ಮಾತ್ರ ಹಸಿರೋ ನೇರಳೆಯೋ ಕಂಡರೆ ಪ್ರಿಂಟರ್ ಕೆಟ್ಟಿಲ್ಲ. ಇದಕ್ಕೆ ಮೆಟಮೆರಿಸಂ ಅನ್ನುತ್ತಾರೆ. ಸಯಾನ್, ಮಜೆಂಟಾ, ಹಳದಿ ಇಂಕುಗಳನ್ನು ಬೆರೆಸಿ ಮಾಡಿದ ಬೂದು ಒಂದು ಬೆಳಕಿಗೆ ಸರಿಹೊಂದುತ್ತದೆ, ಇನ್ನೊಂದಕ್ಕೆ ಹೊಂದುವುದಿಲ್ಲ. ಕಪ್ಪು ಮತ್ತು ಬೂದು ಇಂಕಿನಿಂದಲೇ ಮಾಡಿದ ಬೂದಿಗೆ ಈ ತೊಂದರೆ ಬಹಳ ಕಡಿಮೆ.

ಇಲ್ಲಿ ನಿಮ್ಮ ಪ್ರಿಂಟರಿನಲ್ಲಿ ಎಷ್ಟು ಬಗೆಯ ಕಪ್ಪು ಇದೆ ಅನ್ನುವುದು ಮುಖ್ಯ. ನಮ್ಮ ಸ್ಟುಡಿಯೋಗಳಲ್ಲಿ ಹೆಚ್ಚಾಗಿ ಓಡುವ ಎಪ್ಸನ್ ಎಲ್805, ಎಲ್1800ರಂಥ 6 ಬಣ್ಣದ ಯಂತ್ರಗಳಲ್ಲಿ ಒಂದೇ ಕಪ್ಪು. ಅದು ಡೈ ಇಂಕ್. ಡೈ ಅಂದರೆ ದ್ರವದಲ್ಲಿ ಪೂರ್ತಿ ಕರಗಿದ ಬಣ್ಣ. ತಿಳಿ ಮತ್ತು ನಡು ಬೂದಿನಲ್ಲಿ ಕೆಲಸ ಮಾಡುವುದು ಬಣ್ಣದ ಇಂಕುಗಳೇ. ಕಪ್ಪು ಬರುವುದು ಗಾಢ ಭಾಗಕ್ಕೆ. ಲೂಪ್ ಹಿಡಿದು ತಿಳಿ ಚೌಕವನ್ನು ನೋಡಿದರೆ ಪುಟ್ಟ ಪುಟ್ಟ ಬಣ್ಣದ ಚುಕ್ಕೆಗಳು ಕಾಣುತ್ತವೆ. ಡ್ರೈವರಿನಲ್ಲಿ ಗ್ರೇಸ್ಕೇಲ್ ಅಂತ ಒತ್ತಿದ್ದರೂ ಫೋಟೋ ಪೇಪರಿನ ಮೇಲೆ ಆ ಚುಕ್ಕೆಗಳು ಇರಬಹುದು. ನೋಡಿಯೇ ಖಚಿತ ಮಾಡಿಕೊಳ್ಳಿ.

ಎಪ್ಸನ್ 2005ರಲ್ಲಿ ತಂದ ಕೆ3 ಇಂಕುಗಳಲ್ಲಿ ಕಪ್ಪಿನ ಜೊತೆ ಎರಡು ತಿಳಿ ಕಪ್ಪುಗಳು ಸೇರಿದವು. ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್ ಅನ್ನುವ ಮೋಡ್ ಆ ಮೂರನ್ನೇ ಮುಖ್ಯವಾಗಿ ಬಳಸುತ್ತದೆ, ಛಾಯೆ ಸರಿಪಡಿಸಲು ಮಾತ್ರ ಚೂರು ಬಣ್ಣ ಸೇರಿಸುತ್ತದೆ. ಅಂಥ ಪ್ರಿಂಟರ್ ಇದ್ದೂ ಬೂದಿನಲ್ಲಿ ಬಣ್ಣ ಕಾಣುತ್ತಿದ್ದರೆ, ಆ ಮೋಡ್ ಬಿಟ್ಟು ಮಾಮೂಲಿ ಬಣ್ಣದ ಮೋಡಿನಲ್ಲಿ ಪ್ರಿಂಟ್ ಹಾಕಿದ್ದೀರಾ ಅಂತ ನೋಡಿ.

ಕಿಟಕಿಯ ಬೆಳಕಿನಲ್ಲೂ ಛಾಯೆ ಇದೆಯಾ? ಹಾಗಾದರೆ ಮುಂದಿನ ಪ್ರಶ್ನೆ: 21 ಚೌಕಗಳಲ್ಲಿ ಎಲ್ಲೆಲ್ಲಿ ಇದೆ?

ತಿಳಿ ಚೌಕಗಳಲ್ಲಿ ಮಾತ್ರ ಇದ್ದರೆ ಲೈಟ್ ಇಂಕುಗಳ ಮೇಲೆ ಅನುಮಾನ. ಲೈಟ್ ಮಜೆಂಟಾ ಕಟ್ಟಿಕೊಂಡಿದ್ದರೆ ಹಸಿರು ಕಾಣುತ್ತದೆ. ಲೈಟ್ ಸಯಾನ್ ನಿಂತಿದ್ದರೆ ಕೆಂಪು. ಹಳದಿ ನಿಂತಿದ್ದರೆ ನೀಲಿಯ ಕಡೆಗೆ ವಾಲುತ್ತದೆ. ನಾಜಲ್ (ಇಂಕ್ ಹೊರಬರುವ ಸಣ್ಣ ರಂಧ್ರ) ಚೆಕ್ ಹಾಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹಳದಿ ಗೆರೆಗಳು ಬಿಳಿ ಪೇಪರಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ನಿನ್ನೆ ಸರಿಯಿದ್ದು ಇವತ್ತು ಕೆಟ್ಟಿದ್ದರೆ ಕಾರಣ ಬಹುತೇಕ ಇದೇ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಗಾಳಿ ಒಣಗಿರುವುದರಿಂದ ಹೆಡ್, ಅಂದರೆ ನಾಜಲ್‌ಗಳಿರುವ ಭಾಗ, ಬೇಗ ಕಟ್ಟಿಕೊಳ್ಳುತ್ತದೆ. ದಿನಕ್ಕೊಂದು ಸಣ್ಣ ಬಣ್ಣದ ಪ್ರಿಂಟ್ ಹಾಕುತ್ತಿದ್ದರೆ ಹೆಡ್ ಕ್ಲೀನಿಂಗಿಗೆ ಇಂಕ್ ಸುರಿಯುವುದು ತಪ್ಪುತ್ತದೆ.

ಎಲ್ಲ ಚೌಕಗಳಲ್ಲೂ ಒಂದೇ ಛಾಯೆ ಗಟ್ಟಿಯಾಗಿ ಇದ್ದರೆ ಕಲರ್ ಮ್ಯಾನೇಜ್‌ಮೆಂಟ್ ಎರಡು ಸಲ ಆಗಿರಬಹುದು. ಫೋಟೋಶಾಪಿನಲ್ಲಿ ಪೇಪರಿನ ಐಸಿಸಿ ಪ್ರೊಫೈಲ್ (ಆ ಪೇಪರಿನ ಮೇಲೆ ಬಣ್ಣ ಹೇಗೆ ಬರುತ್ತದೆ ಅಂತ ತಿಳಿಸುವ ಫೈಲ್) ಕೊಟ್ಟಿದ್ದರೆ ಡ್ರೈವರಿನಲ್ಲಿ ಬಣ್ಣ ತಿದ್ದುವ ಆಯ್ಕೆಯನ್ನು ಪೂರ್ತಿ ಆಫ್ ಮಾಡಬೇಕು. ಕಪ್ಪು-ಬಿಳುಪು ಮೋಡ್ ಬಳಸುವುದಾದರೆ ಇದಕ್ಕೆ ತದ್ವಿರುದ್ಧ: ಬಣ್ಣದ ಹೊಣೆ ಪ್ರಿಂಟರಿಗೇ ಬಿಡಬೇಕು. ಇಬ್ಬರೂ ಒಟ್ಟಿಗೆ ತಿದ್ದಲು ಹೊರಟರೆ ಬೂದು ಕೆಟ್ಟೇ ಕೆಡುತ್ತದೆ.

ಇನ್ನು ಬಾಟಲಿಯಲ್ಲಿ ಸಿಗುವ ಕಂಪ್ಯಾಟಿಬಲ್ ಇಂಕುಗಳು. ಅವು ಕೆಟ್ಟವು ಅಂತ ನಾನು ಹೇಳುವುದಿಲ್ಲ. ಆದರೆ ಪ್ರಿಂಟರ್ ಡ್ರೈವರೂ ಪೇಪರ್ ಕಂಪನಿಯ ಪ್ರೊಫೈಲೂ ಮೂಲ ಇಂಕಿನ ಲೆಕ್ಕದಲ್ಲಿ ಮಾಡಿದವು. ಬೇರೆ ಇಂಕ್ ಹಾಕಿದಾಗ ಮದುವೆ ಆಲ್ಬಮ್ ಚೆನ್ನಾಗಿಯೇ ಬರಬಹುದು, ಬೂದು ಮಾತ್ರ ಜಾರುತ್ತದೆ. ಆ ಇಂಕಿಗೂ ಆ ಪೇಪರಿಗೂ ಸೇರಿಸಿ ಬೇರೆ ಪ್ರೊಫೈಲ್ ಮಾಡಿಸುವುದೊಂದೇ ಸರಿಯಾದ ಪರಿಹಾರ. ಅರ್ಧ ಖಾಲಿಯಾದ ಟ್ಯಾಂಕಿಗೆ ಬೇರೆ ಕಂಪನಿಯ ಇಂಕ್ ತುಂಬಿದ್ದರೆ ಯಾವ ಪ್ರೊಫೈಲೂ ಕಾಪಾಡುವುದಿಲ್ಲ, ಏಕೆಂದರೆ ಬೆರಕೆಯ ಪ್ರಮಾಣ ದಿನಾ ಬದಲಾಗುತ್ತಿರುತ್ತದೆ.

ಕೊನೆಗೆ, ಛಾಯೆ ನೋಡಿ ತೀರ್ಮಾನ ಮಾಡುವ ಮೊದಲು ಪ್ರಿಂಟ್ ಒಣಗಲಿ. ಡೈ ಇಂಕಿನ ಬೂದು ಮೊದಲ ಕೆಲವು ಗಂಟೆಗಳಲ್ಲಿ ಬಣ್ಣ ಬದಲಾಯಿಸುತ್ತದೆ. ಸಂಜೆ ಹಾಕಿದ್ದನ್ನು ಮರುದಿನ ಬೆಳಿಗ್ಗೆ ನೋಡುವುದು ಒಳ್ಳೆಯದು. ಸಣ್ಣ ಕಂದು ಛಾಯೆಯೂ ಯಾವಾಗಲೂ ದೋಷವಲ್ಲ. ಕಪ್ಪು ಪಿಗ್ಮೆಂಟ್ (ಡೈ ಹಾಗೆ ಕರಗದೆ ಇಂಕಿನಲ್ಲಿ ಸಣ್ಣ ಪುಡಿಯಾಗಿಯೇ ಇರುವ ಬಣ್ಣ) ಅಂದರೆ ಕಾರ್ಬನ್, ಅದರ ಸಹಜ ಬಣ್ಣವೇ ಸ್ವಲ್ಪ ಬೆಚ್ಚಗಿನದು. ಹಳೇ ಮುಖಗಳಿಗೆ ಅದು ಒಪ್ಪುತ್ತದೆ ಕೂಡ.

ಕಪ್ಪು ಸಪ್ಪೆ

ಕಡುಕಪ್ಪು ಚೌಕ ಬೂದಿಯ ಹಾಗೆ ಕಂಡರೆ ಮೂರು ಕಡೆ ನೋಡಬೇಕು.

ಮೊದಲನೆಯದು, ಪೇಪರಿನ ಯಾವ ಬದಿ. ಮ್ಯಾಟ್ ಪೇಪರುಗಳಲ್ಲಿ ಎರಡೂ ಬದಿ ಒಂದೇ ಥರ ಕಾಣುತ್ತವೆ, ಆದರೆ ಕೋಟಿಂಗ್ ಇರುವುದು ಸಾಮಾನ್ಯವಾಗಿ ಒಂದೇ ಬದಿಗೆ. ಒದ್ದೆ ಮಾಡಿದ ಬೆರಳನ್ನು ಮೂಲೆಯಲ್ಲಿ ಒತ್ತಿ ನೋಡಿ. ಬೆರಳಿಗೆ ಅಂಟಿದ ಹಾಗೆ ಅನಿಸುವ ಬದಿಯೇ ಕೋಟಿಂಗಿನ ಬದಿ. ಹಿಂಬದಿಗೆ ಪ್ರಿಂಟ್ ಹಾಕಿದ್ದರೆ ಇಂಕ್ ನಾರಿನೊಳಗೆ ಇಳಿದು ಹರಡುತ್ತದೆ. ಕಪ್ಪು ಮಂಕಾಗುವುದರ ಜೊತೆಗೆ ಅಂಚುಗಳೂ ಮಸುಕಾಗುತ್ತವೆ.

ಎರಡನೆಯದು, ಯಾವ ಕಪ್ಪು. ಪಿಗ್ಮೆಂಟ್ ಪ್ರಿಂಟರುಗಳಲ್ಲಿ ಮ್ಯಾಟ್ ಬ್ಲ್ಯಾಕ್, ಫೋಟೋ ಬ್ಲ್ಯಾಕ್ ಅಂತ ಎರಡು ಇರುತ್ತವೆ. ಮ್ಯಾಟ್ ಪೇಪರಿಗೆ ಫೋಟೋ ಬ್ಲ್ಯಾಕ್ ಹೋದರೆ ಕಪ್ಪು ಸಪ್ಪೆಯಾಗುತ್ತದೆ. ಗ್ಲಾಸಿ ಅಥವಾ ಬರೈಟಾ (ಬೇರಿಯಂ ಸಲ್ಫೇಟ್ ಪದರವಿರುವ) ಪೇಪರಿಗೆ ಮ್ಯಾಟ್ ಬ್ಲ್ಯಾಕ್ ಹೋದರೆ ಅದು ಮೇಲೆಯೇ ಕೂತು, ಬೆರಳಾಡಿಸಿದರೆ ಕೈಗೆ ಬರುತ್ತದೆ. ಯಾವುದು ಹೋಗಬೇಕು ಅಂತ ತೀರ್ಮಾನಿಸುವುದು ನೀವು ಆರಿಸಿದ ಪೇಪರ್ ಟೈಪ್. ಅಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪಿದ ಹಾಗೆಯೇ. ಎಪ್ಸನ್ 3880, ಪಿ800ರಂಥ ಹಳೆಯ ಯಂತ್ರಗಳಲ್ಲಿ ಎರಡಕ್ಕೂ ಒಂದೇ ದಾರಿ, ಬದಲಾಯಿಸುವಾಗ ಇಂಕ್ ಹಾಳಾಗುತ್ತದೆ. 2020ರಲ್ಲಿ ಬಂದ ಪಿ700, ಪಿ900ರಲ್ಲಿ ಎರಡಕ್ಕೂ ಬೇರೆ ಬೇರೆ ನಾಜಲ್ ಇವೆ. ಮ್ಯಾಟ್, ಗ್ಲಾಸಿ ಎರಡನ್ನೂ ದಿನಾ ಹಾಕುವವರು ಪ್ರಿಂಟರ್ ಕೊಳ್ಳುವಾಗ ಇದನ್ನು ಮೊದಲು ಕೇಳಬೇಕು.

ಮನೆಗಳಲ್ಲಿರುವ 4 ಬಾಟಲಿಯ ಇಂಕ್ ಟ್ಯಾಂಕ್ ಪ್ರಿಂಟರುಗಳಲ್ಲಿ ಈ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಅವುಗಳಲ್ಲಿ ಹಲವಕ್ಕೆ ಅಕ್ಷರ ಗಟ್ಟಿಯಾಗಿ ಬರಲಿ ಅಂತ ಪಿಗ್ಮೆಂಟ್ ಕಪ್ಪು, ಉಳಿದ ಮೂರು ಡೈ. ಆ ಕಪ್ಪು ಗ್ಲಾಸಿ ಪೇಪರಿಗೆ ಹಿಡಿಯುವುದಿಲ್ಲ. ಹಾಗಾಗಿ ಫೋಟೋ ಪೇಪರ್ ಆರಿಸಿದ ಕೂಡಲೇ ಪ್ರಿಂಟರ್ ಅದನ್ನು ಬಿಟ್ಟು, ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತದೆ. ಬರುವುದು ಕಂದುಕಪ್ಪು. ಅಂಥ ಯಂತ್ರದಲ್ಲಿ ಕಪ್ಪು-ಬಿಳುಪು ಬೇಕಾದರೆ ಗ್ಲಾಸಿಯ ಆಸೆ ಬಿಟ್ಟು, ಒಳ್ಳೆಯ ಕೋಟೆಡ್ ಮ್ಯಾಟ್ ಪೇಪರ್ ತಂದು, ಪಿಗ್ಮೆಂಟ್ ಕಪ್ಪನ್ನು ಬಳಸುವ ಪೇಪರ್ ಟೈಪ್ ಯಾವುದು ಅಂತ ಲೂಪಿನಲ್ಲಿ ನೋಡಿ ಹುಡುಕಿಕೊಳ್ಳಿ.

ಮೂರನೆಯದು, ಪೇಪರಿನ ಮಿತಿ. ಎಷ್ಟೇ ಒಳ್ಳೆಯ ಮ್ಯಾಟ್ ಪೇಪರಾದರೂ ಅದರ ಕಪ್ಪಿನ ಡೆನ್ಸಿಟಿ (ಕಪ್ಪು ಎಷ್ಟು ಗಾಢ ಅನ್ನುವ ಅಳತೆ) ಸುಮಾರು 1.6ರಿಂದ 1.7ರ ಹತ್ತಿರ ನಿಲ್ಲುತ್ತದೆ. ಗ್ಲಾಸಿ, ಬರೈಟಾಗಳಲ್ಲಿ 2.2 ದಾಟುತ್ತದೆ. ಡೆನ್ಸಿಟಿ 0.3 ಏರಿದರೆ ವಾಪಸ್ ಬರುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಎರಡರ ನಡುವೆ ಸುಮಾರು ನಾಲ್ಕು ಪಟ್ಟು ವ್ಯತ್ಯಾಸ. ಮ್ಯಾಟ್ ಪೇಪರಿನ ಒರಟು ಮೈ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವುದೇ ಇದಕ್ಕೆ ಕಾರಣ. ಇದನ್ನು ಇಂಕ್ ಜಾಸ್ತಿ ಸುರಿದು ಸರಿಮಾಡಲು ಹೋಗಬೇಡಿ. ಕೋಟಿಂಗ್ ತಡೆಯುವಷ್ಟಕ್ಕಿಂತ ಹೆಚ್ಚು ಇಂಕ್ ಬಿದ್ದರೆ ಹರಡುತ್ತದೆ, ಕಪ್ಪು ಇನ್ನೂ ಕೆಡುತ್ತದೆ.

ನನ್ನ ಆಯ್ಕೆ ಹೇಳುವುದಾದರೆ, ಮುಖಗಳಿಗೆ ಮತ್ತು ಹಳೇ ಸ್ಟುಡಿಯೋ ಫೋಟೋಗಳಿಗೆ ಬರೈಟಾ. ಈ ಪೇಪರು ಡಾರ್ಕ್‌ರೂಮಿನ ಫೈಬರ್ ಪೇಪರಿಗೆ ತೀರಾ ಹತ್ತಿರ. ಕ್ಯಾನ್ಸನ್ ಬರೈಟಾ ಫೋಟೋಗ್ರಫಿಕ್ 310 ಜಿಎಸ್‌ಎಂ, ಹಾನೆಮ್ಯೂಲೆ ಫೋಟೋ ರ‍್ಯಾಗ್ ಬರೈಟಾ 315 ಜಿಎಸ್‌ಎಂ ಅಂಥವು. ಕೊಡಚಾದ್ರಿಯ ಮಂಜು, ಮಳೆಯಲ್ಲಿ ನೆನೆದ ಅಡಿಕೆ ತೋಟ, ಇಂಥ ಮೆತ್ತನೆಯ ಚಿತ್ರಗಳಿಗೆ ಹತ್ತಿಯ ಮ್ಯಾಟ್ ಪೇಪರ್. ಅಲ್ಲಿ ಕಡುಕಪ್ಪು ಇಲ್ಲದಿರುವುದೇ ಚಂದ.

ಕೋಟಿನ ಮಡಿಕೆ ಕಾಣುತ್ತಿಲ್ಲ

ಕರಿ ಕೋಟಿನ ಕಾಲರ್ ಮಾನಿಟರಿನಲ್ಲಿ ಬಿಡಿಸಿ ಬಿಡಿಸಿ ಕಾಣುತ್ತಿತ್ತು. ಪ್ರಿಂಟಿನಲ್ಲಿ ಕೋಟೂ ಕಾಲರೂ ಒಂದೇ ಮುದ್ದೆ. ಟೆಸ್ಟ್ ಪಟ್ಟಿಯ ಕಡುಕಪ್ಪಿನ ಸಾಲು ನೋಡಿ. ಮ್ಯಾಟ್ ಪೇಪರಿನಲ್ಲಿ 0 ಮತ್ತು 4, 8 ಕೂಡಿಕೊಂಡರೆ ಗಾಬರಿ ಬೇಡ. 20ರವರೆಗೂ ಒಂದೇ ಕಪ್ಪಾಗಿದ್ದರೆ ಪೇಪರ್ ಟೈಪ್ ತಪ್ಪಾಗಿದೆ, ಇಲ್ಲವೇ ಇಂಕ್ ಜಾಸ್ತಿ ಬೀಳುತ್ತಿದೆ.

ಸಾಲು ಸರಿಯಾಗಿದ್ದು ಫೋಟೋ ಮಾತ್ರ ಕತ್ತಲಾಗಿದ್ದರೆ ಮಾನಿಟರ್ ಮೇಲೆ ಅನುಮಾನ. ಅಂಗಡಿಯಿಂದ ತಂದ ಹಾಗೇ ಇಟ್ಟ ಮಾನಿಟರ್ ಪ್ರಿಂಟ್ ಕೆಲಸಕ್ಕೆ ತುಂಬಾ ಪ್ರಕಾಶ. ಅದರ ಪ್ರಕಾಶವನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗೆ (ಬೆಳಕಿನ ಅಳತೆ) ಇಳಿಸಬೇಕು. ಅಳೆಯುವ ಸಾಧನ ಇಲ್ಲದಿದ್ದರೆ ಒಂದು ಬಿಳಿ ಪೇಪರನ್ನು ಪ್ರಿಂಟ್ ನೋಡುವ ಬೆಳಕಿನಲ್ಲಿ ಮಾನಿಟರಿನ ಪಕ್ಕ ಹಿಡಿದು, ಪರದೆಯ ಬಿಳಿ ಅದಕ್ಕೆ ಸಮನಾಗುವವರೆಗೆ ಇಳಿಸಿ.

ಎಪ್ಸನ್ನಿನ ಕಪ್ಪು-ಬಿಳುಪು ಮೋಡ್ ಬಳಸುವವರು ಟೋನ್ ಸೆಟ್ಟಿಂಗನ್ನೂ ನೋಡಿ. ಕೆಲವು ಮಾದರಿಗಳಲ್ಲಿ ಮೊದಲೇ ಡಾರ್ಕರ್ ಆಯ್ಕೆಯಾಗಿರುತ್ತದೆ. ಫೈಲನ್ನು ಗ್ರೇಸ್ಕೇಲಿಗೆ ಬದಲಾಯಿಸಿದ್ದರೆ ಅದರ ಪ್ರೊಫೈಲ್ ಗ್ರೇ ಗಾಮಾ 2.2 ಆಗಿರಲಿ. ಫೋಟೋಶಾಪಿನಲ್ಲಿ ಡಾಟ್ ಗೇನ್ ಶೇ 20 ಅನ್ನುವ ಆಯ್ಕೆ ಆಫ್‌ಸೆಟ್ ಮುದ್ರಣಕ್ಕೆ ಇರುವುದು.

ಓರೆಯಾಗಿ ಹಿಡಿದರೆ ತಾಮ್ರದ ಹೊಳಪು

ಇದು ಗ್ಲಾಸಿ ಪೇಪರಿನ ಮೇಲಿನ ಪಿಗ್ಮೆಂಟ್ ಇಂಕಿನ ಖಾಯಿಲೆ. ನೇರವಾಗಿ ನೋಡಿದರೆ ಸರಿ, ಓರೆ ಮಾಡಿದರೆ ಗಾಢ ಭಾಗ ತಾಮ್ರದ ಬಣ್ಣದಲ್ಲಿ ಹೊಳೆಯುತ್ತದೆ. ಇದಕ್ಕೆ ಬ್ರಾಂಜಿಂಗ್ ಅನ್ನುತ್ತಾರೆ. ಇಂಕ್ ಬೀಳದ ಬಿಳಿ ಜಾಗ ಒಂದು ಥರ ಮಿಂಚಿ, ಇಂಕ್ ಇರುವ ಜಾಗ ಇನ್ನೊಂದು ಥರ ಮಿಂಚುವುದೂ ಇದರ ಜೊತೆಗೇ ಬರುತ್ತದೆ. ಕ್ಯಾನನ್ ಪ್ರೊ-1000, ಪ್ರೊ-300ರಲ್ಲಿ ಕ್ರೋಮಾ ಆಪ್ಟಿಮೈಜರ್ ಅನ್ನುವ ಬಣ್ಣವಿಲ್ಲದ ದ್ರವ ಇದಕ್ಕೇ ಇರುವುದು. ಅದನ್ನು ಚಿತ್ರದ ಮೇಲೆ ಮಾತ್ರವಲ್ಲ, ಇಡೀ ಹಾಳೆಗೆ ಬೀಳುವ ಹಾಗೆ ಇಟ್ಟು ನೋಡಿ. ಆ ಸೌಲಭ್ಯ ಇಲ್ಲದಿದ್ದರೆ ಪೂರ್ತಿ ಗ್ಲಾಸಿ ಬಿಟ್ಟು ಲಸ್ಟರ್ (ಅರೆ ಹೊಳಪಿನ ಪೇಪರ್) ಅಥವಾ ಬರೈಟಾಗೆ ಬನ್ನಿ. ಬಿಳಿಯ ಜಾಗವನ್ನು 255ರಿಂದ 250ಕ್ಕೆ ಇಳಿಸಿದರೂ ಅಲ್ಲಿ ಚೂರು ಇಂಕ್ ಬಿದ್ದು ಮಿಂಚಿನ ವ್ಯತ್ಯಾಸ ಕಡಿಮೆಯಾಗುತ್ತದೆ.

ಗೆರೆ, ಚುಕ್ಕೆ, ಉಜ್ಜಿದ ಗುರುತು

ಹೆಡ್ ಓಡಾಡುವ ದಿಕ್ಕಿನಲ್ಲಿ ತೆಳ್ಳಗಿನ ಬಿಳಿ ಗೆರೆ ಬಂದರೆ ನಾಜಲ್ ಕಟ್ಟಿದೆ, ಇಲ್ಲವೇ ಪೇಪರ್ ಮುಂದಕ್ಕೆ ಸರಿಯುವ ಅಳತೆ ತಪ್ಪಿದೆ. ಅಂಚುಗಳು ಎರಡೆರಡಾಗಿ ಕಂಡರೆ ಹೆಡ್ ಅಲೈನ್‌ಮೆಂಟ್ ಮಾಡಿ, ಹೈ ಸ್ಪೀಡ್ ಆಫ್ ಮಾಡಿ. ಪೇಪರ್ ಹೊರಬರುವ ದಿಕ್ಕಿನಲ್ಲಿ ಸಾಲಾಗಿ ಸಣ್ಣ ಚುಚ್ಚು ಗುರುತು ಇದ್ದರೆ ಅದು ಹಲ್ಲುಚಕ್ರದ್ದು. ದಪ್ಪ ಪೇಪರನ್ನು ಹಿಂದಿನ ಅಥವಾ ಮುಂದಿನ ನೇರ ದಾರಿಯಿಂದ ಹಾಕಿ ನೋಡಿ. ಅಂಚಿನಲ್ಲಿ ಕಪ್ಪು ಉಜ್ಜಿದ್ದರೆ ಪೇಪರ್ ಸುರುಳಿಯಾಗಿ ಹೆಡ್ಡಿಗೆ ತಾಗುತ್ತಿದೆ. ಹಾಳೆಯನ್ನು ಮಟ್ಟ ಮಾಡಿ, ಪ್ಲೇಟನ್ ಗ್ಯಾಪ್ (ಹೆಡ್ಡಿಗೂ ಪೇಪರಿಗೂ ನಡುವಿನ ಅಂತರ) ಹೆಚ್ಚಿಸಿ.

ಹತ್ತಿಯ ಪೇಪರಿನಲ್ಲಿ ಕಪ್ಪಿನ ನಡುವೆ ಬಿಳಿ ಚುಕ್ಕೆ ಬರುವುದುಂಟು. ಇಂಕ್ ತಪ್ಪಲ್ಲ. ಪೇಪರಿನ ಮೇಲೆ ಕೂತಿದ್ದ ನಾರಿನ ಧೂಳಿನ ಮೇಲೆ ಇಂಕ್ ಬಿದ್ದು, ಆಮೇಲೆ ಧೂಳು ಉದುರಿದೆ. ಪ್ರಿಂಟಿಗೆ ಮೊದಲು ಅಗಲವಾದ ಮೆತ್ತನೆಯ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಗುಡಿಸಿ. ಬಾಯಿಂದ ಊದಬೇಡಿ, ಎಂಜಲು ಬಿದ್ದರೆ ಕೋಟಿಂಗ್ ಕೆಡುತ್ತದೆ.

ಹಳದಿಯಾಗುವುದು, ಮಾಸುವುದು

ಬಿಳಿ ಭಾಗ ಹಳದಿಯಾಗಿದೆಯೋ, ಕಪ್ಪು ಭಾಗ ಮಾಸಿದೆಯೋ, ಮೊದಲು ಬೇರೆ ಮಾಡಿ ನೋಡಿ.

ಬಿಳಿ ಹಳದಿಯಾಗಿದ್ದರೆ ಪೇಪರಿನದೇ ಕಥೆ. ತುಂಬಾ ಬೆಳ್ಳಗೆ ಕಾಣುವ ಪೇಪರುಗಳಲ್ಲಿ ಆಪ್ಟಿಕಲ್ ಬ್ರೈಟ್ನರ್ ಇರುತ್ತದೆ. ಅದು ಬೆಳಕಿನ ನೇರಳಾತೀತ ಭಾಗವನ್ನು ಹೀರಿಕೊಂಡು ನೀಲಿಯಾಗಿ ಹೊರಬಿಡುತ್ತದೆ. ವರ್ಷ ಕಳೆದಂತೆ ಅದರ ಶಕ್ತಿ ಕುಂದಿ ಪೇಪರಿನ ನಿಜ ಬಣ್ಣ ಹೊರಗೆ ಬರುತ್ತದೆ. ನೋಟು ಪರೀಕ್ಷಿಸುವ ಯುವಿ ದೀಪದ ಕೆಳಗೆ ಹಾಳೆ ನೀಲಿಯಾಗಿ ಹೊಳೆದರೆ ಬ್ರೈಟ್ನರ್ ಇದೆ ಅಂತ ಅರ್ಥ. ಯುವಿ ತಡೆಯುವ ಗಾಜು ಹಾಕಿದ ದಿನವೇ ಪ್ರಿಂಟ್ ಸ್ವಲ್ಪ ಹಳದಿ ಕಂಡರೂ ಕಾರಣ ಇದೇ, ಬೆಳಗಿಸುವ ನೇರಳಾತೀತವೇ ಒಳಗೆ ಹೋಗುತ್ತಿಲ್ಲ. ಮನೆತನದ ಫೋಟೋಗಳಿಗೆ ಬ್ರೈಟ್ನರ್ ಇಲ್ಲದ ಹತ್ತಿ ಪೇಪರ್ ತೆಗೆದುಕೊಳ್ಳಿ. ಹೊಸದರಲ್ಲಿ ಅಷ್ಟು ಬೆಳ್ಳಗಿರುವುದಿಲ್ಲ ಅಂತ ಗಿರಾಕಿಗೆ ಮೊದಲೇ ಹೇಳಿ.

ಕಪ್ಪು ಮಾಸಿ ಕೆಂಪೋ ಹಸಿರೋ ಕಾಣುತ್ತಿದ್ದರೆ ಅದು ಡೈ ಇಂಕ್. ಇಲ್ಲಿಯೂ ಕೋಟಿಂಗಿನ ಪಾತ್ರ ದೊಡ್ಡದು. ಈಗಿನ ಗ್ಲಾಸಿ ಪೇಪರುಗಳಲ್ಲಿ ಹೆಚ್ಚಿನವು ಮೈಕ್ರೋಪೋರಸ್. ಸಿಲಿಕಾ ಅಥವಾ ಅಲ್ಯುಮಿನಾದ ಸಣ್ಣ ಸಣ್ಣ ರಂಧ್ರಗಳು ಇಂಕನ್ನು ತಕ್ಷಣ ಹೀರಿಕೊಳ್ಳುತ್ತವೆ. ಮುಟ್ಟಿದರೆ ಒಣಗಿದೆ ಅನಿಸುತ್ತದೆ. ಆದರೆ ರಂಧ್ರ ತೆರೆದೇ ಇರುವುದರಿಂದ ಗಾಳಿಯ ಓಜೋನ್ ಒಳಗೆ ಹೋಗಿ ಡೈಯನ್ನು ತಿನ್ನುತ್ತದೆ. ನಡುಮನೆಯಲ್ಲಿ ಗಾಜಿಲ್ಲದೆ, ಫ್ಯಾನಿನ ಗಾಳಿಗೆ ತೂಗುಹಾಕಿದ ಡೈ ಪ್ರಿಂಟ್ ಬೇಗ ಮಾಸುವುದು ಹೀಗೆ. ಅದೇ ಪ್ರಿಂಟ್ ಗಾಜಿನ ಹಿಂದೆ ಅಥವಾ ಆಲ್ಬಮ್ಮಿನೊಳಗೆ ಎಷ್ಟೋ ಪಟ್ಟು ಜಾಸ್ತಿ ಬಾಳುತ್ತದೆ. ಹಾರ ಹಾಕಿ ದೇವರ ಮನೆಯ ಹತ್ತಿರ ಇಡುವ ಹಿರಿಯರ ಫೋಟೋಗೆ ಪಿಗ್ಮೆಂಟ್ ಇಂಕೇ ಇರಲಿ. ಡೈ ಯಂತ್ರ ಮಾತ್ರ ಇದ್ದರೆ ಗಾಜು ಕಡ್ಡಾಯ.

ಸ್ಪ್ರೇ, ಲ್ಯಾಮಿನೇಷನ್, ಗಾಜು: ಮುಗಿಸುವಾಗ ಕೆಡುವುದು

ಗಾಜಿನ ಒಳಮೈಗೆ ಮಂಜು ಕಟ್ಟಿದರೆ ಪ್ರಿಂಟ್ ಪೂರ್ತಿ ಒಣಗುವ ಮೊದಲೇ ಫ್ರೇಮ್ ಆಗಿದೆ. ಇಂಕಿನಲ್ಲಿರುವ ಗ್ಲೈಕಾಲ್ ನಿಧಾನವಾಗಿ ಹೊರಬರುತ್ತಿದೆ. ಬಿಚ್ಚಿ, ಗಾಜು ಒರೆಸಿ, ಪ್ರಿಂಟಿನ ಮೇಲೆ ಮಾಮೂಲಿ ಬಿಳಿ ಹಾಳೆ ಹಾಸಿ ಒಂದು ದಿನ ಇಡಿ. ಹಾಳೆ ಸೊಟ್ಟಗಾಗಿದ್ದರೆ ಇನ್ನೂ ಹೊರಬರುತ್ತಿದೆ ಅಂತ, ಹೊಸ ಹಾಳೆ ಹಾಕಿ ಮತ್ತೆ ಇಡಿ. ಮಳೆಗಾಲದಲ್ಲಿ ಇದು ಇನ್ನೂ ನಿಧಾನ. ಗಾಜು ಪ್ರಿಂಟಿಗೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡ್ ಇರಲೇಬೇಕು, ಇಲ್ಲದಿದ್ದರೆ ತೇವಕ್ಕೆ ಅಂಟಿಕೊಳ್ಳುತ್ತದೆ.

ಲ್ಯಾಮಿನೇಷನ್ ಆದ ಮೇಲೆ ಕಪ್ಪು ತೆಳುವಾಯಿತು ಅಂದರೆ ನೀವು ಮ್ಯಾಟ್ ಫಿಲ್ಮ್ ಹಾಕಿಸಿದ್ದೀರಿ. ಬರೈಟಾದ ಕಡುಕಪ್ಪಿನ ಮೇಲೆ ಮ್ಯಾಟ್ ಫಿಲ್ಮ್ ಹಾಕುವುದೆಂದರೆ ದುಡ್ಡು ಕೊಟ್ಟು ತಂದ ಕಪ್ಪನ್ನು ಕೈಯಾರೆ ಅಳಿಸಿದ ಹಾಗೆ. ಫಿಲ್ಮ್ ಬೇಕೇ ಬೇಕು ಅಂದರೆ ಗ್ಲಾಸಿ ಅಥವಾ ಲಸ್ಟರ್ ಹಾಕಿಸಿ.

ಹತ್ತಿಯ ಮ್ಯಾಟ್ ಪೇಪರಿಗೆ ಫಿಲ್ಮ್ ಬೇಡವೇ ಬೇಡ. ಫೈನ್ ಆರ್ಟ್ ಪ್ರಿಂಟುಗಳಿಗೆಂದೇ ಬರುವ ಸ್ಪ್ರೇ ಸಾಕು. ಗೀರು, ಬೆರಳಿನ ಗುರುತು ಎರಡನ್ನೂ ತಡೆಯುತ್ತದೆ, ಕಪ್ಪನ್ನು ಸ್ವಲ್ಪ ಆಳವಾಗಿಸುತ್ತದೆ. ಪಿಗ್ಮೆಂಟ್ ಪ್ರಿಂಟ್ ಒಂದು ದಿನ ಒಣಗಿದ ಮೇಲೆ, ದಪ್ಪಗೆ ಒಂದು ಸಲ ಹೊಡೆಯುವ ಬದಲು ತೆಳ್ಳಗೆ ಎರಡು ಮೂರು ಸಲ, ಒಂದು ಸಲ ಅಡ್ಡ, ಇನ್ನೊಂದು ಸಲ ಉದ್ದ ಹೊಡೆಯಿರಿ. ಕಪ್ಪಿನ ಮೇಲೆ ಹಾಲಿನಂಥ ಬಿಳಿ ಪೊರೆ ಕಂಡರೆ ಗಾಳಿಯಲ್ಲಿ ತೇವ ಜಾಸ್ತಿ ಇತ್ತು. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ನೀರಿನಂಶ ಕೂರುತ್ತದೆ. ಮಂಗಳೂರು, ಕಾರವಾರ, ಆಗುಂಬೆ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಸಿ ಹಾಕಿ ತೇವ ತಗ್ಗಿಸಿದ ಕೋಣೆಯಲ್ಲಿ ಪ್ರಿಂಟನ್ನೂ ಸ್ಪ್ರೇ ಡಬ್ಬಿಯನ್ನೂ ಕೆಲ ಗಂಟೆ ಇಟ್ಟು, ಆಮೇಲೆ ಬೆಂಕಿ ದೀಪ ಯಾವುದೂ ಇಲ್ಲದ, ಹೊಗೆ ಹೊರಗೆಳೆಯುವ ಫ್ಯಾನ್ ಇರುವ ಜಾಗದಲ್ಲಿ, ಮಾಸ್ಕ್ ಹಾಕಿಕೊಂಡು ಹೊಡೆಯಬೇಕು. ಮೊದಲ ಹೊಡೆತ ಯಾವಾಗಲೂ ಟೆಸ್ಟ್ ಪಟ್ಟಿಯ ಮೇಲೆ. ಅದರ ಕಡುಕಪ್ಪು ಚೌಕ ಅರ್ಧ ಗಂಟೆ ಬಿಟ್ಟರೂ ಕಪ್ಪಾಗಿಯೇ ಉಳಿದರೆ ಅಸಲಿ ಪ್ರಿಂಟಿಗೆ ಕೈ ಹಾಕಿ.